ಕರ್ಕಶ ಅಂದ್ರೆ ಜೋರು ಅಂತಲಾ?

ಮಂಡಕಳ್ಳಿ ಅಂದ ತಕ್ಷಣ ಮೈಸೂರಿನವರಿಗೆ ನೆನಪಾಗೋದು ಏರ್‌ಪೋರ್ಟು. ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ ಆದ ವಿಮಾನ ನಿಲ್ದಾಣ. 2010ರ ಅಕ್ಟೋಬರ್ 1ರಿಂದ ಬೆಂಗಳೂರಿಗೆ ಪುಟ್ಟ ಎಟಿಆರ್ ವಿಮಾನ ಹಾರಿ ಮತ್ತೆ ಜೀವ ಬಂತು. ಆದ್ರೆ ಇಲ್ಲಿ ನಿಂತರೆ ಕಿವಿ ಕೊರೆಯೋದು ವಿಮಾನ ಅಲ್ಲ, ಪಕ್ಕದ ನಂಜನಗೂಡು ರಸ್ತೆಯ ಹಾರ್ನು! ವಿಮಾನದ್ದು ಜೋರು. ಹಾರ್ನಿನದ್ದು ಕರ್ಕಶ. ಎರಡನ್ನೂ ಒಂದೇ ಅಂದುಕೊಂಡರೆ ಕೆಟ್ಟೆವು.

ಕರ್ಕಶ ಮೂಲದಲ್ಲಿ ಕಿವಿಯ ಮಾತೇ ಅಲ್ಲ, ಚರ್ಮದ ಮಾತು. ಸಂಸ್ಕೃತದಲ್ಲಿ ಅದರರ್ಥ ಗಡುಸು, ಒರಟು, ಮುಟ್ಟಿದರೆ ತರಿತರಿ ಅನ್ನುವಂಥದ್ದು. ತರ್ಕದಲ್ಲಿ ಪಳಗಿ ಗಟ್ಟಿಯಾದ ಪಂಡಿತನನ್ನು 'ತರ್ಕಕರ್ಕಶ' ಅಂತ ಹೊಗಳುತ್ತಿದ್ದರು. ಹೊಗಳಿಕೆ, ಬೈಗುಳವಲ್ಲ! ಅದೇ ಪದ ಹಿಂದಿಯಲ್ಲಿ 'ಕರ್ಕಶಾ' ಆಗಿ ಜಗಳಗಂಟಿ ಹೆಂಗಸಿನ ತಲೆಗೆ ಬಿತ್ತು. ನಾವೇನು ಕಮ್ಮಿ? ಗಂಡಸು ಗಂಟಲೆತ್ತಿದರೆ ಗರ್ಜನೆ, ಹೆಂಗಸು ಗಂಟಲೆತ್ತಿದರೆ ಕರ್ಕಶ.

ಕನ್ನಡದ್ದೇ ಪದಗಳು ಹೆಚ್ಚಾಗಿ ಗಂಟಲನ್ನು ನೋಡಿ ಹುಟ್ಟಿದವು. ಆನೆ ಘೀಳಿಡುತ್ತೆ, ನರಿ ಊಳಿಡುತ್ತೆ, ಕುದುರೆ ಕೆನೆಯುತ್ತೆ, ಮಗು ಕಿರುಚುತ್ತೆ. ಹಾರ್ನಿಗೆ ಗಂಟಲೆಲ್ಲಿದೆ? ಅದನ್ನು ಬರೀ 'ಹೊಡೀತೀವಿ'. ಅದಕ್ಕೇ ಮುಟ್ಟುವ ಪದವನ್ನು ಕಿವಿಗೆ ತಂದದ್ದು ಚೆನ್ನಾಗಿ ಹೊಂದಿಕೊಂಡಿತು ಅಂತ ನನ್ನ ಅನಿಸಿಕೆ.

ತಮಾಷೆ ಅಂದ್ರೆ ವಿಜ್ಞಾನವೂ ಇದೇ ದಾರಿ ಹಿಡಿದಿದೆ. ಸದ್ದಿನ ಒರಟುತನ ಅಳೆಯೋ ಮಾನಕ್ಕೆ 'ಆಸ್ಪರ್' ಅಂತ ಹೆಸರು. ಲ್ಯಾಟಿನ್‌ನಲ್ಲಿ ಹಾಗಂದ್ರೆ ಒರಟು. ಸದ್ದು ಸೆಕೆಂಡಿಗೆ ಸುಮಾರು 70 ಸಲ ಏರಿಳಿದರೆ ಕಿವಿಗೆ ತರಿ ಹೆಚ್ಚು. 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಮನುಷ್ಯರ ಚೀರಾಟವನ್ನು ಪರೀಕ್ಷಿಸಿತು. ಅದು ಕಂಡದ್ದೂ ಈ ಒರಟುತನವನ್ನೇ, 30ರಿಂದ 150 ಏರಿಳಿತಗಳ ನಡುವೆ.

ನಮ್ಮ ಕಾನೂನಿಗೂ ಈ ವ್ಯತ್ಯಾಸ ಗೊತ್ತಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ, ಹಲವು ಸ್ವರದ ಹಾರ್ನಿನ ಜೊತೆಗೆ ಅತಿಯಾಗಿ ಕರ್ಕಶವಾದ, ಕೀರಲಾದ, ಜೋರಾದ, ಬೆಚ್ಚಿಬೀಳಿಸುವ ಸದ್ದಿನ ಸಾಧನಗಳನ್ನೂ ಬೇಡ ಅನ್ನುತ್ತೆ. ನಾಲ್ಕು ಬೇರೆ ಬೇರೆ ಪದ! 2000ದ ಶಬ್ದಮಾಲಿನ್ಯ ನಿಯಮಕ್ಕೆ ಬಂದರೆ ಬರೀ ಡೆಸಿಬಲ್: ಮನೆಗಳಿರುವ ಕಡೆ ಹಗಲು 55, ರಾತ್ರಿ 45. ಆ ಮೀಟರಿಗೆ ಸಿಗೋದು ಜೋರು ಮಾತ್ರ. ನಿದ್ದೆಗಣ್ಣಿನ ಮಗುವನ್ನು ಬೆಚ್ಚಿಬೀಳಿಸೋ ತರಿ ಅದರ ಮುಳ್ಳಿಗೆ ಸಿಗೋದಿಲ್ಲ.

ಅಂದಹಾಗೆ 'ಕೀರಲು' ನಮ್ಮದೇ ಪದ, ಆದ್ರೆ ಅದು ತೆಳ್ಳಗಿನ ದನಿಗೆ. ಲಾರಿ ಹಾರ್ನಿಗೆ ಸಾಲದು. ನಿಮ್ಮ ಕಡೆ ಏನಂತೀರಿ?