ಹೊಲ, ಕೊಟ್ಟಿಗೆ ಮತ್ತು ಉಪಗ್ರಹ ಬಾನುಲಿ: ಅಮೆರಿಕದ ಒಕ್ಕಲುತನದಲ್ಲಿ ಶ್ರವಣದ ಇತಿಹಾಸ

ಬಾನುಲಿಯ ಇತಿಹಾಸವನ್ನು ಪ್ರಸಾರಕೇಂದ್ರದ ಕಡೆಯಿಂದ ಬರೆಯುವುದು ರೂಢಿ. ಯಾವ ನಿಲಯ ಯಾವ ವರ್ಷ ಸ್ಥಾಪಿತವಾಯಿತು, ಅದರ ಪ್ರೇಷಕದ ಶಕ್ತಿ ಎಷ್ಟು, ಅಲ್ಲಿ ಮಾತನಾಡಿದವರು ಯಾರು ಎಂಬ ಸಂಗತಿಗಳಿಗೇ ಅಲ್ಲಿ ಪ್ರಾಧಾನ್ಯ. ಕೇಳುವವನು ಎಲ್ಲಿ ಕುಳಿತಿದ್ದನು, ಅವನ ಯಂತ್ರಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತಿತ್ತು, ಅವನ ತಲೆಯ ಮೇಲಿನ ಸೂರು ಮರದ್ದೋ ತಗಡಿನದೋ ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಕಲುತನದ ಮಟ್ಟಿಗೆ ಈ ಪ್ರಶ್ನೆಗಳನ್ನು ಬಿಟ್ಟು ಬಾನುಲಿಯ ಚರಿತ್ರೆಯನ್ನು, ವಿಶೇಷವಾಗಿ 2001ರಿಂದ ಈಚೆಗಿನ ಉಪಗ್ರಹ ಬಾನುಲಿಯ ಚರಿತ್ರೆಯನ್ನು, ಅರಿಯಲಾಗದೆಂಬುದು ಪ್ರಸ್ತುತ ಲೇಖನದ ವಾದ.

ರೈತನಿಗೆ ಬಾನುಲಿ ಮೊದಲು ಬಂದುದು ವಿನೋದಕ್ಕಾಗಿ ಅಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಾಯೋಗಿಕ ನಿಲಯವು 1921ರ ಆರಂಭದಲ್ಲಿ ಹವಾಮಾನದ ಮುನ್ಸೂಚನೆಯನ್ನು ಮಾತಿನಲ್ಲಿ ಬಿತ್ತರಿಸತೊಡಗಿತು. ಧಾನ್ಯ ಮತ್ತು ದನಕರುಗಳ ಪೇಟೆಧಾರಣೆ ಇತರ ನಿಲಯಗಳಿಂದಲೂ ಹೊರಡತೊಡಗಿತು. ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ಸಿಯರ್ಸ್ ರೋಬಕ್ ಸಂಸ್ಥೆಯು 1924ರಲ್ಲಿ ಷಿಕಾಗೋ ನಗರದಲ್ಲಿ ಡಬ್ಲ್ಯು.ಎಲ್.ಎಸ್. ನಿಲಯವನ್ನು ಆರಂಭಿಸಿದಾಗ ಹಳ್ಳಿಯ ಹಾಡು ಕುಣಿತಗಳೂ ಇವುಗಳ ಜೊತೆಗೂಡಿದುವು. ಆದರೆ ಕೇಳಲು ವಿದ್ಯುತ್ತೆಲ್ಲಿ? 1930ರ ದಶಕದ ಮಧ್ಯದಲ್ಲಿ ಆ ದೇಶದ ಹತ್ತು ಒಕ್ಕಲುಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿನ ತಂತಿ ಬಂದಿದ್ದಿತು. ಉಳಿದವರು ಬ್ಯಾಟರಿಯನ್ನು ಪಟ್ಟಣಕ್ಕೆ ಹೊತ್ತು ತುಂಬಿಸಿ ತರಬೇಕಾಗಿತ್ತು. ಜೆನಿತ್ ಕಂಪನಿಯು 1935ರಲ್ಲಿ ತನ್ನ ಬಾನುಲಿಯೊಡನೆ ಮನೆಯ ಮೇಲೆ ನಿಲ್ಲಿಸುವ ಸಣ್ಣದೊಂದು ಗಾಳಿಯಂತ್ರವನ್ನೂ ಕಡಿಮೆ ಬೆಲೆಗೆ ಕೊಡಲು ಮುಂದಾದುದು ಈ ಕಾರಣದಿಂದಲೇ. ಬಯಲುಸೀಮೆಯ ಗಾಳಿಯಿಂದ ಆರು ವೋಲ್ಟಿನ ಬ್ಯಾಟರಿ ತುಂಬಿ, ರಾತ್ರಿ ಸುದ್ದಿ ಕೇಳಿಸುತ್ತಿತ್ತು. ಅದೇ ವರ್ಷ ರೂಸ್‌ವೆಲ್ಟರ ಸರ್ಕಾರ ಸ್ಥಾಪಿಸಿದ ಗ್ರಾಮೀಣ ವಿದ್ಯುದೀಕರಣ ಇಲಾಖೆಯ ಪ್ರಯತ್ನದಿಂದ 1950ರ ದಶಕದ ಮಧ್ಯದ ವೇಳೆಗೆ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕ ಒಕ್ಕಲುಮನೆಗಳಿಗೆ ವಿದ್ಯುತ್ತು ತಲುಪಿತು. ಹಾಲು ಕರೆಯುವ ಕೊಟ್ಟಿಗೆಯಲ್ಲಿಯೂ ಒಂದು ಪೆಟ್ಟಿಗೆ ಹಾಡತೊಡಗಿತು. ಅದನ್ನು ಕೇಳಿದರೆ ಹಸು ಸಮಾಧಾನದಿಂದ ಸೊರೆಬಿಡುತ್ತದೆಂಬ ನಂಬಿಕೆ ರೈತರಲ್ಲಿ ಇಂದಿಗೂ ಉಂಟು.

ಟ್ರ್ಯಾಕ್ಟರಿನ ಕಥೆ ಇಷ್ಟು ಸುಲಭವಾಗಿರಲಿಲ್ಲ. ಕುಲುಕಾಟಕ್ಕೆ ವಾಲ್ವುಗಳು ಬಾಳುತ್ತಿರಲಿಲ್ಲ. ಎಂಜಿನಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್‌ಗಳ ಕಿಡಿ ಮಧ್ಯಮ ತರಂಗದಲ್ಲಿ ಚಟಪಟ ಸದ್ದಾಗಿ ಕೇಳಿಸುತ್ತಿತ್ತು. ಇವೆರಡನ್ನೂ ಗೆದ್ದರೂ ಎಂಜಿನಿನ ಗರ್ಜನೆ ಉಳಿದೇ ಇರುತ್ತಿತ್ತು. ಮಿನಿಯಾಪೊಲಿಸ್-ಮೊಲೀನ್ ಕಂಪನಿ 1938ರಲ್ಲಿ ಮುಚ್ಚಿದ ಕ್ಯಾಬಿನ್ನು, ಬಾನುಲಿಗಳುಳ್ಳ ಟ್ರ್ಯಾಕ್ಟರೊಂದನ್ನು ಹೊರತಂದಿತು. ಮಾರಾಟಕ್ಕೆ ತಯಾರಾದುವು ಸುಮಾರು 150 ಮಾತ್ರ. ಉಳುವವನು ಕುರ್ಚಿಯಲ್ಲಿ ಕುಳಿತು ಹಾಡು ಕೇಳುವುದೆಂದರೆ ಅಂದಿನ ರೈತನಿಗೆ ಸ್ವಲ್ಪ ನಾಚಿಕೆಯ ವಿಷಯವೂ ಆಗಿದ್ದಿತೆಂದು ತೋರುತ್ತದೆ. ಬಳಿಕ ಮಡ್‌ಗಾರ್ಡಿಗೆ ಬಿಗಿಯುವ ಬಾನುಲಿಗಳು ಬಂದುವು. 1954ರಲ್ಲಿ ಮಾರುಕಟ್ಟೆಗೆ ಇಳಿದ ಟ್ರಾನ್ಸಿಸ್ಟರ್ ಬಾನುಲಿ ವಾಲ್ವಿನ ತೊಂದರೆಯನ್ನು ತಪ್ಪಿಸಿತು. ಆದರೆ ಶ್ರವಣಕ್ಕೆ ನಿಜವಾಗಿ ಅನುಕೂಲಮಾಡಿಕೊಟ್ಟುದು ಬಾನುಲಿಯ ಸುಧಾರಣೆಯಲ್ಲ, ಕ್ಯಾಬಿನ್ನಿನ ಸುಧಾರಣೆ. ಜಾನ್ ಡಿಯರ್ ಕಂಪನಿಯು ಸದ್ದನ್ನು ತಡೆಯುವ ಕ್ಯಾಬಿನ್ನನ್ನು 1972ರಲ್ಲಿ ಪರಿಚಯಿಸಿದ ಮೇಲೆ ಟ್ರ್ಯಾಕ್ಟರು ಒಂದು ಚಲಿಸುವ ಕೊಠಡಿಯಾಯಿತು.

ಇಷ್ಟಾದ ಮೇಲೆ ಉಳಿದುದು ದೂರದ ಸಮಸ್ಯೆ. ಟೆಕ್ಸಾಸಿನಿಂದ ಕೆನಡಾದ ಗಡಿಯವರೆಗೆ, ಮಾಗುತ್ತ ಹೋಗುವ ಗೋಧಿಯ ಬೆನ್ನುಹತ್ತಿ ಕೊಯ್ಲುಯಂತ್ರಗಳೊಡನೆ ಸಾಗುವ ಕೂಲಿತಂಡಗಳು ಆ ದೇಶದಲ್ಲಿವೆ. ಇಂಥವರಿಗೆ ಎಫ್.ಎಂ. ನಿಲಯವೊಂದು ಕೆಲವು ಗಂಟೆಗಳ ನೆಂಟ. ಉಪಗ್ರಹ ಬಾನುಲಿಯು ಉತ್ತರಿಸಲು ಹೊರಟುದು ಈ ಸಮಸ್ಯೆಗೆ.

ಅಮೆರಿಕದ ಸಂಪರ್ಕ ಆಯೋಗವು 1997ರಲ್ಲಿ 2320ರಿಂದ 2345 ಮೆಗಾಹರ್ಟ್ಸ್ ವರೆಗಿನ ತರಂಗಪಟ್ಟಿಯನ್ನು ಹರಾಜಿನ ಮೂಲಕ ಎರಡು ಕಂಪನಿಗಳಿಗೆ ಹಂಚಿತು. ಇವೇ ಮುಂದೆ ಸಿರಿಯಸ್ ಮತ್ತು ಎಕ್ಸ್.ಎಂ. ಎಂದು ಪ್ರಸಿದ್ಧವಾದುವು. ಎಕ್ಸ್.ಎಂ. ಕಂಪನಿಯು ‘ರಾಕ್’ ಮತ್ತು ‘ರೋಲ್’ ಎಂಬ ಎರಡು ಉಪಗ್ರಹಗಳನ್ನು 2001ರಲ್ಲಿ ಸಮುದ್ರದ ಮೇಲಿನ ತೇಲುವೇದಿಕೆಯಿಂದ ಹಾರಿಸಿ, ವಿಷುವದ್‌ವೃತ್ತದ ಮೇಲೆ ಸ್ಥಿರವಾಗಿ ನಿಲ್ಲಿಸಿತು. ಸಿರಿಯಸ್ಸಿನ ಮಾರ್ಗ ಬೇರೆ. ಅದರ ಮೂರು ಉಪಗ್ರಹಗಳು ಓರೆಯಾದ ದೀರ್ಘವೃತ್ತದಲ್ಲಿ ಸುತ್ತುತ್ತ, ಒಂದೊಂದೂ ದಿನಕ್ಕೆ ಸುಮಾರು 16 ಗಂಟೆಗಳ ಕಾಲ ಉತ್ತರ ಅಮೆರಿಕದ ಮೇಲೆ ಇರುತ್ತಿದ್ದುವು. ಎಕ್ಸ್.ಎಂ. ಪ್ರಸಾರ 2001ರ ಸೆಪ್ಟೆಂಬರಿನಲ್ಲಿಯೂ ಸಿರಿಯಸ್ ಪ್ರಸಾರ 2002ರಲ್ಲಿಯೂ ಆರಂಭವಾದುವು. 2008ರಲ್ಲಿ ಎರಡೂ ಕಂಪನಿಗಳು ಒಂದಾದುವು. ಬಾನುಲಿ ಕೇಳುವುದಕ್ಕೆ ತಿಂಗಳು ತಿಂಗಳು ಹಣ ತೆರುವುದು ಅಲ್ಲಿನ ಜನಕ್ಕೆ ಹೊಸದು. ನಮ್ಮಲ್ಲಿ ಬಹುಕಾಲವಿದ್ದ ಬಾನುಲಿ ಲೈಸೆನ್ಸಿನಂಥದು ಅಲ್ಲಿ ಎಂದೂ ಇರಲಿಲ್ಲ.

ಈ ಕಕ್ಷೆಗಳ ವ್ಯತ್ಯಾಸ ಹೊಲಮನೆಯಲ್ಲಿ ಪ್ರತ್ಯಕ್ಷವಾಗಿ ಕಾಣಿಸಿಕೊಂಡಿತು. ಸುಮಾರು 13 ಸೆಂಟಿಮೀಟರ್ ಉದ್ದದ ಈ ತರಂಗಗಳು ನೆಟ್ಟನೆ ಬರಬೇಕು. ಮರದ ದಟ್ಟ ಎಲೆಗಳೂ ಅವನ್ನು ಕುಗ್ಗಿಸುತ್ತವೆ, ಕೊಟ್ಟಿಗೆಯ ತಗಡಂತೂ ತಡೆದೇಬಿಡುತ್ತದೆ. ಎಕ್ಸ್.ಎಂ. ಗ್ರಾಹಕನು ದಕ್ಷಿಣದ ಕಿಟಕಿಯನ್ನು ಹುಡುಕಬೇಕಾಗಿತ್ತು. ಸಿರಿಯಸ್ಸಿನ ಗ್ರಾಹಕನಿಗೆ ತಲೆಯ ಮೇಲೆ ಬಯಲು ಆಕಾಶವೇ ಬೇಕಾಗಿತ್ತು. ರಸ್ತೆಯಲ್ಲಿ ಓಡುವ ವಾಹನಕ್ಕೆ ಉಪಾಯವೊಂದಿದ್ದಿತು. ಒಂದೇ ಕಾರ್ಯಕ್ರಮವನ್ನು ಸುಮಾರು ನಾಲ್ಕು ಸೆಕೆಂಡುಗಳ ಅಂತರದಲ್ಲಿ ಎರಡು ಸಾರಿ ಕಳುಹಿಸಿ, ಸೇತುವೆಯ ಕೆಳಗೆ ಹಾಯುವಾಗ ಒಂದು ತಪ್ಪಿದರೆ ಇನ್ನೊಂದರಿಂದ ತುಂಬಿಕೊಳ್ಳುವುದು. ನಿಂತ ಕೊಟ್ಟಿಗೆಗೆ ಇದರಿಂದ ಪ್ರಯೋಜನವಿಲ್ಲ. ನಗರಗಳಲ್ಲಿ ಎತ್ತರದ ಕಟ್ಟಡಗಳ ಮರೆಯನ್ನು ನೀಗಲು ಭೂಮಿಯ ಮೇಲೆಯೇ ಪುನಃಪ್ರೇಷಕಗಳನ್ನು ಸ್ಥಾಪಿಸಿದರು. ಹಳ್ಳಿಗಾಡಿಗೆ ಆ ಸೌಲಭ್ಯ ಹೆಚ್ಚಾಗಿ ಬರಲಿಲ್ಲ. ಒಂದು ವಾಹನದಿಂದ ಕಳಚಿ ಮತ್ತೊಂದಕ್ಕೆ ಜೋಡಿಸಬಹುದಾದ ಸಣ್ಣ ಗ್ರಾಹಕಯಂತ್ರಗಳು ಬಂದಾಗ ರೈತರು ಅವನ್ನು ಟ್ರಕ್ಕಿನಿಂದ ಟ್ರ್ಯಾಕ್ಟರಿಗೂ ಅಲ್ಲಿಂದ ಶೆಡ್ಡಿಗೂ ಒಯ್ಯುವುದು ಸಾಧ್ಯವಾಯಿತು. ಶೆಡ್ಡಿನೊಳಗೆ ಮಾತ್ರ ಆಂಟೆನಾವನ್ನು ಹೊರಗೋಡೆಗೆ ಬಿಗಿದು ತಂತಿ ಎಳೆಯದೆ ವಿಧಿಯಿರಲಿಲ್ಲ. ಹಿಂದೆ ಮಧ್ಯಮ ತರಂಗಕ್ಕಾಗಿ ಸೂರಿನ ಮೇಲೆ ತಂತಿ ಕಟ್ಟುತ್ತಿದ್ದವರ ಕೆಲಸವೇ ಹೀಗೆ ಮರಳಿ ಬಂದಿತು. 2004ರಲ್ಲಿ ಬಂದ ಕೈಯಲ್ಲಿ ಹಿಡಿಯುವ ‘ಮೈಫೈ’ ಯಂತ್ರವು ಐದು ಗಂಟೆಗಳ ಕಾರ್ಯಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿತ್ತು. ಸಂಗೀತಕ್ಕೆ ಇದು ಸಾಕು. ನಿನ್ನೆಯ ಮೆಕ್ಕೆಜೋಳದ ಧಾರಣೆಯನ್ನು ಇಂದು ಕೇಳಿ ಯಾರಿಗೇನು ಪ್ರಯೋಜನ?

ಇದಕ್ಕಿಂತಲೂ ಗಂಭೀರವಾದುದು ಕಾನೂನಿನ ತೊಡಕು. ಸ್ಥಳೀಯ ನಿಲಯಗಳವರು ಉಪಗ್ರಹ ಬಾನುಲಿಯನ್ನು ಮೊದಲಿನಿಂದಲೂ ವಿರೋಧಿಸಿದ್ದರು. ಭೂಮಿಯ ಮೇಲಿನ ಪುನಃಪ್ರೇಷಕಗಳಿಂದ ಆಯಾ ಊರಿಗೆಂದೇ ಪ್ರತ್ಯೇಕ ಕಾರ್ಯಕ್ರಮವನ್ನು ಹೊರಡಿಸಕೂಡದೆಂದು ಆಯೋಗ ವಿಧಿಸಿತು. ನಿಬಂಧನೆಯ ಉದ್ದೇಶ ಊರಿನ ನಿಲಯವನ್ನು ಉಳಿಸುವುದು. ಅದರ ಪರಿಣಾಮವಾಗಿ ಖಂಡದಗಲಕ್ಕೂ ಕೇಳುವ ಬಾನುಲಿಗೆ, ನಾಳೆ ತನ್ನ ಜಿಲ್ಲೆಯಲ್ಲಿ ಆಲಿಕಲ್ಲು ಬೀಳುವುದೇ ಎಂದು ಕೇಳುವ ರೈತನಿಗೆ ಉತ್ತರ ಹೇಳುವ ಮಾರ್ಗ ಬಹುಮಟ್ಟಿಗೆ ಮುಚ್ಚಿಹೋಯಿತು. 2013ರಲ್ಲಿ ಕೃಷಿಕರಿಗಾಗಿಯೇ ‘ರೂರಲ್ ರೇಡಿಯೋ’ ಎಂಬ ವಾಹಿನಿ ಉಪಗ್ರಹದಲ್ಲಿ ಆರಂಭವಾಯಿತು. ಅದು ರಾಷ್ಟ್ರದ ಪೇಟೆಯನ್ನು ಹೇಳಬಲ್ಲುದು. ನೆರೆಯ ಧಾನ್ಯದ ಉಗ್ರಾಣದಲ್ಲಿ ಇಂದು ಕೊಡುವ ಬೆಲೆ ಅದಕ್ಕೆ ಹೇಗೆ ತಿಳಿಯಬೇಕು?

ನಮ್ಮ ದೇಶದಲ್ಲಿ ಈ ತೊಡಕು ಇನ್ನೊಂದು ಬಗೆಯಲ್ಲಿ ಕಾಣಿಸಿತು. ವರ್ಲ್ಡ್‌ಸ್ಪೇಸ್ ಸಂಸ್ಥೆಯ ‘ಏಷಿಯಾಸ್ಟಾರ್’ ಉಪಗ್ರಹ 2000ದ ಮಾರ್ಚಿಯಲ್ಲಿ ಮೇಲೇರಿತು. ಅದರಲ್ಲಿ ‘ಸ್ಪರ್ಶ’ ಎಂಬ ಕನ್ನಡ ವಾಹಿನಿಯೂ ಇದ್ದಿತು. ಬೆಂಗಳೂರಿನ ಮನೆಗಳಲ್ಲಿ ಪುಟ್ಟ ಆಂಟೆನಾವನ್ನು ಪೂರ್ವದ ಆಕಾಶಕ್ಕೆ ತಿರುಗಿಸಿಟ್ಟು ಅದನ್ನು ಕೇಳುತ್ತಿದ್ದರು. ಭೂಮಿಯ ಮೇಲಿನ ಪುನಃಪ್ರೇಷಕಗಳ ಜಾಲ ಇಲ್ಲಿ ಬೆಳೆಯಲಿಲ್ಲವಾದ್ದರಿಂದ ಅದು ಕಾರಿಗೂ ಏರಲಿಲ್ಲ, ಟ್ರ್ಯಾಕ್ಟರಿಗೂ ಏರಲಿಲ್ಲ. 2008ರಲ್ಲಿ ಸಂಸ್ಥೆ ದಿವಾಳಿಯಾಗಿ, 2009ರ ಡಿಸೆಂಬರ್ 31ರಂದು ಭಾರತದಲ್ಲಿ ಅದರ ಸೇವೆ ನಿಂತುಹೋಯಿತು.

ಅಮೆರಿಕದಲ್ಲಿ ಮಧ್ಯಮ ತರಂಗ ಉಪಗ್ರಹದ ಕಾಲದಲ್ಲಿಯೂ ಹೊಲದಿಂದ ಕಣ್ಮರೆಯಾಗಲಿಲ್ಲ. ಅದಕ್ಕೆ ಅಪಾಯ ಒದಗಿದುದು ಅನಿರೀಕ್ಷಿತ ದಿಕ್ಕಿನಿಂದ. ವಿದ್ಯುಚ್ಚಾಲಿತ ವಾಹನಗಳ ಮೋಟಾರು ಮಧ್ಯಮ ತರಂಗದಲ್ಲಿ ಸದ್ದೆಬ್ಬಿಸುತ್ತದೆಂಬ ಕಾರಣ ಕೊಟ್ಟು ಕೆಲವು ತಯಾರಕರು ಆ ಗ್ರಾಹಕಯಂತ್ರವನ್ನೇ ಕೈಬಿಡತೊಡಗಿದರು. ಮ್ಯಾಗ್ನೆಟೋ ಕಿಡಿಯ ಹಳೆಯ ತಗಾದೆಯೇ ಇದು. ಅಂದು ಸದ್ದನ್ನು ಅಡಗಿಸುವ ಉಪಾಯ ಹುಡುಕಿದರು, ಈಗ ಕೇಳುವ ಯಂತ್ರವನ್ನೇ ತೆಗೆಯಹೊರಟರು. ಕೃಷಿಪ್ರಸಾರಕರು ಇದನ್ನು ಬಲವಾಗಿ ಪ್ರತಿಭಟಿಸಿದರು. ಪ್ರತಿಯೊಂದು ಹೊಸ ವಾಹನದಲ್ಲಿಯೂ ಮಧ್ಯಮ ತರಂಗದ ಬಾನುಲಿ ಇರಲೇಬೇಕೆಂಬ ಮಸೂದೆಯೊಂದು 2023ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಂಡಿತವಾಯಿತು. ಅದನ್ನು ಬೆಂಬಲಿಸಿದವರು ಮುಂದಿಟ್ಟ ಕಾರಣಗಳಲ್ಲಿ ಬಿರುಗಾಳಿಯ ಎಚ್ಚರಿಕೆ ಮುಖ್ಯವಾದುದು. ಅದನ್ನು ಕೇಳಲು ತಿಂಗಳ ಚಂದಾ ಕಟ್ಟಬೇಕಾಗಿಲ್ಲ ಎಂಬುದು ಇನ್ನೊಂದು.