ಕ್ಯಾಲೊರಿ ಕೊರತೆ

ಕ್ಯಾಲೊರಿ ಕೊರತೆ ಎಂದರೆ ದೇಹವು ವ್ಯಯಿಸುವ ಶಕ್ತಿಗಿಂತ ಆಹಾರದಿಂದ ದೊರೆಯುವ ಶಕ್ತಿಯು ಕಡಿಮೆಯಾಗಿರುವ ಸ್ಥಿತಿ. ಈ ಕೊರತೆಯನ್ನು ತುಂಬಲು ದೇಹವು ತಾನು ಸಂಗ್ರಹಿಸಿಟ್ಟುಕೊಂಡ ಕೊಬ್ಬನ್ನು ಬಳಸುತ್ತದೆ. ಕೊರತೆಯು ವಾರಗಟ್ಟಲೆ ಮುಂದುವರಿದರೆ ಮೈಯ ಕೊಬ್ಬು ಕರಗುತ್ತದೆ.

ಲೆಕ್ಕಾಚಾರ

ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4 ಕಿಲೊಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲೊರಿ ಶಕ್ತಿ ದೊರೆಯುತ್ತದೆ. ಮೈಯಲ್ಲಿನ ಒಂದು ಕಿಲೊಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಅಡಗಿರುತ್ತದೆ. ಆದ್ದರಿಂದ ದಿನಕ್ಕೆ 500 ಕಿಲೊಕ್ಯಾಲೊರಿ ಕೊರತೆಯಾದರೆ ಒಂದು ಕಿಲೊಗ್ರಾಂ ಕರಗಲು ಸುಮಾರು 15 ದಿನ ಬೇಕು. ಇದು ಸ್ಥೂಲ ಅಂದಾಜು ಮಾತ್ರ. ತೂಕ ಇಳಿದಂತೆ ದೇಹದ ವ್ಯಯವೂ ತಗ್ಗುವುದರಿಂದ ಇಳಿಕೆಯ ವೇಗ ನಿಧಾನವಾಗುತ್ತದೆ. ಮೊದಲ ವಾರದಲ್ಲಿ ಕಾಣುವ ಶೀಘ್ರ ಇಳಿಕೆಯಲ್ಲಿ ನೀರಿನ ಪಾಲೇ ಹೆಚ್ಚು.

ಕರಗಿದ ಕೊಬ್ಬಿನ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೂ ಉಳಿದದ್ದು ನೀರಾಗಿಯೂ ಹೊರಹೋಗುತ್ತದೆ. ಬೆವರು ಸುರಿಸುವುದರಿಂದಲೇ ಕೊಬ್ಬು ಕರಗುತ್ತದೆಂಬ ನಂಬಿಕೆ ಸರಿಯಲ್ಲ.

ಶಿಕಾರಿಪುರ ಮತ್ತು ಸೊರಬ

ಶಿವಮೊಗ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ ಹಾಗೂ ಅಡಿಕೆ ಮುಖ್ಯ ಬೆಳೆಗಳು. ಉಳುಮೆ, ನಾಟಿ ಮತ್ತು ಕೊಯ್ಲು ದಿನವಿಡೀ ಮೈಮುರಿದು ಮಾಡುವ ಕೆಲಸಗಳು. ಟ್ರ್ಯಾಕ್ಟರ್ ಮತ್ತು ಕಟಾವು ಯಂತ್ರಗಳು ಬಂದ ಕಡೆ ಈ ಶ್ರಮ ತಗ್ಗುತ್ತದೆ. ಸೊರಬದ ಗುಡಿಗಾರರ ಮರದ ಕೆತ್ತನೆಯಂಥ ಕುಳಿತು ಮಾಡುವ ಕಸುಬಿಗೆ ಹೊಲದ ಕೆಲಸಕ್ಕಿಂತ ಕಡಿಮೆ ಶಕ್ತಿ ಸಾಕು. ಶ್ರಮ ತಗ್ಗಿದರೂ ಅನ್ನದ ಪ್ರಮಾಣ ಹಿಂದಿನಷ್ಟೇ ಉಳಿದರೆ ಮಿಕ್ಕ ಶಕ್ತಿಯು ಕೊಬ್ಬಾಗಿ ಶೇಖರವಾಗುತ್ತದೆ.

100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲೊರಿ ಇದೆ. ದಿನಕ್ಕೆ 50 ಗ್ರಾಂ ಅಕ್ಕಿ ಹಾಗೂ ಒಂದು ದೊಡ್ಡ ಚಮಚ ಎಣ್ಣೆಯನ್ನು ತಗ್ಗಿಸಿದರೆ ಸುಮಾರು 300 ಕಿಲೊಕ್ಯಾಲೊರಿ ಉಳಿಯುತ್ತದೆ; ಒಂದು ಗಂಟೆಯ ಬಿರುಸಿನ ನಡಿಗೆಯಿಂದ ಸುಮಾರು 200 ವ್ಯಯವಾಗುತ್ತದೆ. ಒಪ್ಪತ್ತಿನ ದಿನ ಅನ್ನವನ್ನು ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಸಿಹಿತಿಂಡಿಗಳನ್ನು ಅಷ್ಟೇ ಸೇವಿಸಿದರೆ ಕೊರತೆ ಉಂಟಾಗುವುದಿಲ್ಲ.

ಎಚ್ಚರಿಕೆ

ಅತಿಯಾದ ಕೊರತೆಯಿಂದ ಸ್ನಾಯುಗಳೂ ಕ್ಷೀಣಿಸುತ್ತವೆ. ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ ನಡೆದ ಪ್ರಯೋಗದಲ್ಲಿ, ಆರು ತಿಂಗಳು ಅರೆಹೊಟ್ಟೆಯಲ್ಲಿದ್ದ 36 ಪುರುಷರು ತೂಕದ ಜೊತೆಗೆ ಬಲವನ್ನೂ ಮನಸ್ಸಿನ ಉಲ್ಲಾಸವನ್ನೂ ಕಳೆದುಕೊಂಡರು. ಆದ್ದರಿಂದ ಅನ್ನವನ್ನು ತಗ್ಗಿಸುವಾಗ ಹುರುಳಿ, ಹೆಸರು, ಮೊಟ್ಟೆ, ಮೀನು ಮುಂತಾದ ಪ್ರೋಟೀನುಳ್ಳ ಆಹಾರವನ್ನು ತಗ್ಗಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಬಿಟ್ಟರೆ ರಕ್ತದ ಸಕ್ಕರೆಯ ಮಟ್ಟವು ಅಪಾಯಕರವಾಗಿ ಕುಸಿಯಬಹುದು. ಅವರು ವೈದ್ಯರ ಸಲಹೆ ಪಡೆಯುವುದು ಅವಶ್ಯ. ಗರ್ಭಿಣಿಯರು, ಬಾಣಂತಿಯರು ಹಾಗೂ ಬೆಳೆಯುವ ಮಕ್ಕಳು ವೈದ್ಯರ ಸೂಚನೆಯಿಲ್ಲದೆ ಈ ಕ್ರಮವನ್ನು ಅನುಸರಿಸಬಾರದು.