ಆನ್‌ಲೈನ್ ಬಹುಜನ ಕ್ರೀಡೆಗಳಲ್ಲಿ ಪಾರಿತೋಷಕ ನಾಣ್ಯ

ನಾಣ್ಯದ ಚರಿತ್ರೆಯನ್ನು ಬರೆಯುವವರು ಲೋಹ, ತೂಕ, ಟಂಕಸಾಲೆ, ರಾಜಮುದ್ರೆ ಇವುಗಳಿಂದ ಆರಂಭಿಸುವುದು ವಾಡಿಕೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಲೋಹವೂ ಅಲ್ಲದ, ಕಾಗದವೂ ಅಲ್ಲದ, ಯಾವ ಪ್ರಭುತ್ವದ ಮುದ್ರೆಯನ್ನೂ ಹೊರದ ಒಂದು ನಾಣ್ಯವರ್ಗ ಹುಟ್ಟಿ ಬೆಳೆದಿದೆ. ಕಂಪ್ಯೂಟರ್ ಜಾಲದ ಮೂಲಕ ಸಾವಿರಾರು ಜನರು ಏಕಕಾಲದಲ್ಲಿ ಆಡುವ ಆಟಗಳಲ್ಲಿ ಆಟಗಾರನ ಶ್ರಮಕ್ಕೆ ಪ್ರತಿಫಲವಾಗಿ ದೊರೆಯತಕ್ಕ ನಾಣ್ಯವೇ ಅದು. ಇದನ್ನು ನಾವು ಇಲ್ಲಿ ಪಾರಿತೋಷಕ ನಾಣ್ಯವೆಂದು ಕರೆಯುತ್ತೇವೆ. ಈ ನಾಣ್ಯಕ್ಕೆ ಎರಡು ಕಾರ್ಯಗಳುಂಟು. ವಸ್ತುಗಳನ್ನು ಕೊಳ್ಳಲು ಸಾಧನವಾಗುವುದು ಮೊದಲನೆಯದು. ಇಂಥವನು ಇಷ್ಟು ದುಡಿದಿದ್ದಾನೆ ಎಂಬುದಕ್ಕೆ ಸಾಕ್ಷಿಯಾಗುವುದು ಎರಡನೆಯದು. ಈ ಎರಡು ಕಾರ್ಯಗಳೂ ಒಂದೇ ನಾಣ್ಯದಲ್ಲಿ ಬಹುಕಾಲ ಕೂಡಿ ಬಾಳಲಾರವು ಎಂಬುದನ್ನೂ, ಅವು ಬೇರ್ಪಟ್ಟ ಬಗೆಯನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಈ ಚರಿತ್ರೆಯ ಮೊದಲ ಅಧ್ಯಾಯ 1986ರದು. ಆ ವರ್ಷ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ಕ್ವಾಂಟಮ್ ಲಿಂಕ್ ಎಂಬ ಜಾಲದ ಮೂಲಕ 'ಹ್ಯಾಬಿಟಾಟ್' ಎಂಬ ಆಟವನ್ನು ಪ್ರಯೋಗಕ್ಕೆ ತಂದರು. ಇದರ ನಾಣ್ಯಕ್ಕೆ 'ಟೋಕನ್' ಎಂದು ಹೆಸರು. ಹೊಸಬನಿಗೆ ಆರಂಭದಲ್ಲಿ 2,000 ಟೋಕನ್‌ಗಳು. ಅನಂತರ ಆತನು ಆಟದೊಳಕ್ಕೆ ಬಂದ ಪ್ರತಿಯೊಂದು ದಿನಕ್ಕೆ 100. ಇಂದು ಕೈಫೋನಿನ ಆಟಗಳೆಲ್ಲ ಕೊಡುವ ದಿನಭತ್ಯೆಯ ಪೂರ್ವರೂಪವನ್ನು ಇಲ್ಲಿಯೇ ಕಾಣಬಹುದು. ಆಟದಲ್ಲಿ ಸರಕು ಮಾರುವ ಯಂತ್ರಗಳೂ ಸರಕು ಕೊಳ್ಳುವ ಯಂತ್ರಗಳೂ ಇದ್ದುವು. ಒಂದು ಕಡೆ 75 ಟೋಕನ್‌ಗೆ ಮಾರುತ್ತಿದ್ದ ಗೊಂಬೆಯನ್ನು ಮತ್ತೊಂದು ಕಡೆಯ ಯಂತ್ರವು 100ಕ್ಕೆ ಕೊಳ್ಳುತ್ತಿತ್ತು. 18,000ಕ್ಕೆ ದೊರೆಯುತ್ತಿದ್ದ ಸ್ಫಟಿಕದ ಗೋಳಕ್ಕೆ 30,000 ಸಿಗುತ್ತಿತ್ತು. ಈ ವ್ಯತ್ಯಾಸವನ್ನು ಕಂಡುಕೊಂಡ ಕೆಲವರು ರಾತ್ರಿಯೆಲ್ಲ ಎರಡು ಯಂತ್ರಗಳ ನಡುವೆ ಓಡಾಡಿದರು. ಬೆಳಗಾಗುವುದರೊಳಗಾಗಿ ಆ ಜಗತ್ತಿನ ಒಟ್ಟು ನಾಣ್ಯ ಐದುಪಟ್ಟಾಗಿತ್ತು. ನಿರ್ಮಾತೃಗಳಾದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಲ್ ಫಾರ್ಮರ್ ಇದನ್ನು ತಾವೇ ದಾಖಲೆ ಮಾಡಿದ್ದಾರೆ. ಸಂಪಾದಿಸಿದವರು ಆ ಹಣವನ್ನು ಇತರರಿಗಾಗಿ ನಿಧಿಶೋಧದ ಆಟಗಳನ್ನು ಏರ್ಪಡಿಸಲು ವಿನಿಯೋಗಿಸಿದುದರಿಂದ ಅನಾಹುತವೇನೂ ಆಗಲಿಲ್ಲ. ಆದರೆ ನಾಣ್ಯವನ್ನು ಹುಟ್ಟಿಸುವುದು ಸುಲಭ, ಅದನ್ನು ಅಂಕೆಯಲ್ಲಿಡುವುದು ಕಠಿಣ ಎಂಬ ಪಾಠ ಅಂದೇ ದೊರೆಯಿತು.

ಎರಡನೆಯ ಪ್ರಯೋಗ 1997ರ ಸೆಪ್ಟೆಂಬರಿನಲ್ಲಿ ಪ್ರಕಟವಾದ 'ಅಲ್ಟಿಮಾ ಆನ್‌ಲೈನ್'. ಇದರ ನಿರ್ಮಾತೃಗಳು ಜಗತ್ತಿನ ಸಂಪತ್ತಿಗೆ ಒಂದು ಮಿತಿಯನ್ನು ಗೊತ್ತುಮಾಡಿ, ಬಳಸಿದ ವಸ್ತು ಕ್ಷಯಿಸಿದ ಮೇಲೆಯೇ ಹೊಸತು ಹುಟ್ಟುವಂತೆ ಏರ್ಪಾಡು ಮಾಡಿದ್ದರು. ಮನುಷ್ಯಸ್ವಭಾವ ಈ ಏರ್ಪಾಡಿಗೆ ಒಗ್ಗಲಿಲ್ಲ. ಆಟಗಾರರು ದೊರೆತುದನ್ನೆಲ್ಲ ಕೂಡಿಟ್ಟರು, ಕೂಡಿಟ್ಟದ್ದು ಕ್ಷಯಿಸಲಿಲ್ಲ, ಹೊಸದಾಗಿ ಬಂದವನಿಗೆ ಏನೂ ಉಳಿಯಲಿಲ್ಲ. ತತ್ಪರಿಣಾಮವಾಗಿ ಈ ಆವೃತ ಪದ್ಧತಿಯನ್ನು ಕೈಬಿಟ್ಟು, ಮುಂದೆ ಎಲ್ಲ ಆಟಗಳಿಗೂ ಮಾದರಿಯಾದ ಮತ್ತೊಂದು ಪದ್ಧತಿಯನ್ನು ಹಿಡಿಯಬೇಕಾಯಿತು. ಇದನ್ನು ಕೆರೆಯ ಹೋಲಿಕೆಯಿಂದ ತಿಳಿಯಬಹುದು. ಆಟಗಾರನು ರಾಕ್ಷಸಮೃಗವನ್ನು ಕೊಂದಾಗಲೆಲ್ಲ ಶೂನ್ಯದಿಂದ ಹುಟ್ಟುವ ನಾಣ್ಯವು ಕೆರೆಗೆ ಬರುವ ನೀರು. ಆಯುಧದ ದುರಸ್ತಿ, ಪ್ರಯಾಣ, ವಿದ್ಯಾಭ್ಯಾಸ ಮುಂತಾದುವಕ್ಕೆ ಆಟವು ವಸೂಲುಮಾಡಿ ಇಲ್ಲದಂತಾಗಿಸುವ ನಾಣ್ಯವು ತೂಬಿನಿಂದ ಹೋಗುವ ನೀರು. ಒಳಹರಿವಿಗೆ ತಕ್ಕ ತೂಬಿಲ್ಲದಿದ್ದರೆ ಬೆಲೆಗಳು ಏರುತ್ತವೆ. ತೂಬು ಅತಿಯಾದರೆ ಆಟಗಾರನು ದುಡಿದು ಬಸವಳಿಯುತ್ತಾನೆ.

ಈ ಪದ್ಧತಿಯನ್ನೇ ಅನುಸರಿಸಿದ 'ಎವರ್‌ಕ್ವೆಸ್ಟ್' 1999ರ ಮಾರ್ಚಿನಲ್ಲಿ ಪ್ರಾರಂಭವಾಯಿತು. ಇಲ್ಲಿ ತಾಮ್ರ, ಬೆಳ್ಳಿ, ಚಿನ್ನ, ಪ್ಲಾಟಿನಮ್ ಎಂಬ ನಾಲ್ಕು ನಾಣ್ಯಗಳು. ಕೆಳಗಿನ ಹತ್ತು ಸೇರಿದರೆ ಮೇಲಿನದೊಂದು. ಈ ನಾಣ್ಯವನ್ನು ಒಬ್ಬನು ಮತ್ತೊಬ್ಬನಿಗೆ ನಿರ್ಬಾಧವಾಗಿ ಕೊಡಬಹುದಾಗಿದ್ದಿತು. ಆಟದ ಹೊರಗೆ ಹರಾಜಿನ ಜಾಲತಾಣಗಳಲ್ಲಿ ಡಾಲರನ್ನು ಪಡೆದು, ಆಟದ ಒಳಗೆ ಪ್ಲಾಟಿನಮನ್ನು ಕೊಡುವ ವ್ಯಾಪಾರ ಬೆಳೆಯಲು ಇಷ್ಟೇ ಸಾಕಾಯಿತು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವ ಅವರು 2001ರ ತಮ್ಮ ಪ್ರಬಂಧದಲ್ಲಿ ಈ ವ್ಯಾಪಾರದ ಬೆಲೆಗಳನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿದರು. ಒಂದು ಪ್ಲಾಟಿನಮಿಗೆ ಸುಮಾರು ಒಂದು ಸೆಂಟು. ಆಟಗಾರನ ಒಂದು ಗಂಟೆಯ ದುಡಿಮೆಗೆ 3.42 ಡಾಲರು, ಆ ಜಗತ್ತಿನ ತಲಾ ಉತ್ಪನ್ನ 2,266 ಡಾಲರು. ವಾಚಕರು ಈ ಅಂಕಿಗಳನ್ನು ಕಂಡು ಬೆರಗಾದುದು ಸಹಜವೇ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶ ಬೇರೆ. ಕತ್ತಿಯನ್ನು ಹಿಡಿದು ನಿಂತ ಒಬ್ಬನನ್ನು ಕಂಡಾಗ, ಅವನು ಅದನ್ನು ಕಾದಾಡಿ ಗಳಿಸಿದನೇ, ಡಾಲರು ತೆತ್ತು ಕೊಂಡನೇ ಎಂಬುದನ್ನು ಹೇಳಲು ಇನ್ನು ಯಾರಿಗೂ ಸಾಧ್ಯವಿರಲಿಲ್ಲ. ನಾಣ್ಯವು ವಿನಿಮಯಸಾಧನವಾಗಿ ಉಳಿಯಿತು, ಸಾಕ್ಷಿಯಾಗಿ ಉಳಿಯಲಿಲ್ಲ.

ಹೀಗಿರುವಲ್ಲಿ ಪರಿಹಾರ ಬಂದುದು ನಿರ್ಮಾತೃಗಳಿಂದಲ್ಲ, ಆಟಗಾರರಿಂದಲೇ ಎಂಬುದು ಗಮನಾರ್ಹ. ಎವರ್‌ಕ್ವೆಸ್ಟ್‌ನಲ್ಲಿ ವಾಕ್ಸ್ ಮತ್ತು ನಾಗಫೆನ್ ಎಂಬ ಎರಡು ಮಹಾಸರ್ಪಗಳಿದ್ದುವು. ಇವುಗಳನ್ನು ಕೊಲ್ಲಲು ಹತ್ತಾರು ಜನರು ಒಂದಾಗಿ ಗಂಟೆಗಟ್ಟಲೆ ಶ್ರಮಿಸಬೇಕು. ಆದರೆ ಗೆದ್ದ ಮೇಲೆ ದೊರೆಯುವ ವಸ್ತುಗಳು ಕೆಲವೇ. ಕತ್ತಿಯೊಂದನ್ನು ನಲವತ್ತು ಮಂದಿಗೆ ಹಂಚಲಾಗದು. ಪಾಸೆಯನ್ನು ಉರುಳಿಸಿ ತೀರ್ಮಾನಿಸಿದರೆ ಮೊದಲ ದಿನ ಬಂದವನು ಪಡೆಯಬಹುದು, ವರ್ಷವೆಲ್ಲ ದುಡಿದವನು ಬರಿಗೈಯಲ್ಲಿ ಹೋಗಬಹುದು. ಈ ಅನ್ಯಾಯವನ್ನು ನಿವಾರಿಸಲು 1999ರಲ್ಲಿ 'ಆಫ್ಟರ್‌ಲೈಫ್' ಎಂಬ ಗಿಲ್ಡ್, ಅಂದರೆ ಆಟಗಾರರ ಕೂಟ, ಒಂದು ಲೆಕ್ಕದ ಪುಸ್ತಕವನ್ನು ತೆರೆಯಿತು. ಆ ಸರ್ಪಗಳ ನೆನಪಿಗೆ ಇದಕ್ಕೆ 'ಡ್ರ್ಯಾಗನ್ ಕಿಲ್ ಪಾಯಿಂಟ್ಸ್', ಸಂಕ್ಷೇಪವಾಗಿ ಡಿ.ಕೆ.ಪಿ., ಎಂದು ಹೆಸರಾಯಿತು.

ಇದರ ಕ್ರಮ ಸರಳವಾದುದು. ಕಾಳಗಕ್ಕೆ ಬಂದವರಿಗೆಲ್ಲ ಅಂಕಗಳು ಜಮೆಯಾಗುತ್ತವೆ. ವಸ್ತುವನ್ನು ಪಡೆದವನ ಲೆಕ್ಕದಿಂದ ಅದರ ಬೆಲೆ ಖರ್ಚುಬೀಳುತ್ತದೆ. ಹೆಚ್ಚು ಕಾಲ ದುಡಿದು ಕಡಿಮೆ ಪಡೆದವನಿಗೆ ಮುಂದಿನ ಸರದಿ. ಅಂಕಗಳು ಬೇಕಾಬಿಟ್ಟಿ ಹೆಚ್ಚದಂತೆ ಕೆಲವು ಕೂಟಗಳು ಶೂನ್ಯಮೊತ್ತದ ನಿಯಮವನ್ನು ತಂದುವು. ಉದಾಹರಣೆಗೆ, ನಲವತ್ತು ಜನರಲ್ಲಿ ಒಬ್ಬನು 400 ಅಂಕಗಳ ಕವಚವನ್ನು ಪಡೆದನೆನ್ನೋಣ; ಆ 400 ಅಂಕಗಳನ್ನು ಹಾಜರಿದ್ದ ನಲವತ್ತು ಜನಕ್ಕೂ ಹತ್ತರಂತೆ ಹಂಚಲಾಗುತ್ತದೆ. ಪಡೆದವನಿಗೆ 390 ಕಳೆಯಿತು. ಉಳಿದ ಮೂವತ್ತೊಂಬತ್ತು ಜನಕ್ಕೆ ಒಟ್ಟು 390 ಕೂಡಿತು. ಪುಸ್ತಕದ ಮೊತ್ತ ಎಂದಿನಂತೆ ಶೂನ್ಯ. ಕೆರೆಗೆ ಬಂದಷ್ಟೇ ನೀರು ಹೊರಗೆ ಹೋಗುವ ಏರ್ಪಾಡನ್ನು ಹವ್ಯಾಸಿಗಳು ತಾವಾಗಿಯೇ ಸಾಧಿಸಿದ್ದರು. ಹಳಬರು ಅಂಕಗಳನ್ನು ಕೂಡಿಟ್ಟು ಹೊಸಬರನ್ನು ಹತ್ತಿಕ್ಕುವ ದೋಷ ಕಂಡುಬಂದಾಗ, ಕಾಲಕಾಲಕ್ಕೆ ಎಲ್ಲರ ಉಳಿತಾಯದಲ್ಲಿಯೂ ನೂರಕ್ಕಿಷ್ಟೆಂದು ಕಡಿತಮಾಡುವ ಪದ್ಧತಿಯೂ ಬಂದಿತು.

ಈ ಅಂಕಗಳನ್ನು ಮಾರುವಂತಿರಲಿಲ್ಲ, ದಾನಮಾಡುವಂತಿರಲಿಲ್ಲ. ಕೂಟವನ್ನು ಬಿಟ್ಟವನಿಗೆ ಅವು ನಿಷ್ಪ್ರಯೋಜಕ. ಇದು ಈ ನಾಣ್ಯದ ಕೊರತೆಯೆಂದು ಮೇಲುನೋಟಕ್ಕೆ ತೋರಬಹುದು. ವಸ್ತುತಃ ಅದರ ಬೆಲೆಯೆಲ್ಲ ಇದರಲ್ಲಿಯೇ ಇದ್ದಿತು. ಕೈಬದಲಾಯಿಸದ ನಾಣ್ಯವಾದುದರಿಂದಲೇ ಅದು ಸುಳ್ಳು ಹೇಳಲಾರದಾಗಿತ್ತು. ಆದರೆ ಪುಸ್ತಕವನ್ನು ಬರೆಯುವ ಅಧಿಕಾರ ಕೂಟದ ಮುಖ್ಯಸ್ಥರ ಕೈಯಲ್ಲಿದ್ದುದರಿಂದ ಪಕ್ಷಪಾತಕ್ಕೆ ಅವಕಾಶವಿತ್ತು. ಬೆಲೆಗಳ ವಿಷಯದಲ್ಲಿ ಮನಸ್ತಾಪ ಬಂದು ಕೂಟಗಳು ಒಡೆದುದೂ ಉಂಟು.

2004ರ ನವೆಂಬರಿನಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಈ ಅಧಿಕಾರವನ್ನು ಕ್ರಮೇಣ ನಿರ್ಮಾತೃಗಳ ಕೈಗೆ ತಂದಿತು. ಚಿನ್ನದ ನಾಣ್ಯ ಎಂದಿನಂತೆ ವಿನಿಮಯಕ್ಕೆ ಉಳಿಯಿತು. 2007ರಲ್ಲಿ ವೇಗವಾಗಿ ಹಾರುವ ವಾಹನವಿದ್ಯೆಗೆ 5,000 ಚಿನ್ನವನ್ನು ಗೊತ್ತುಮಾಡಿದುದು ಅದಕ್ಕೊಂದು ದೊಡ್ಡ ತೂಬಾಯಿತು. ಇದರ ಪಕ್ಕದಲ್ಲಿಯೇ, ಗಳಿಸಿದವನ ಮೈಗೇ ಅಂಟಿಕೊಂಡು ಪರರಿಗೆ ಕೊಡಲಾಗದ ಬೇರೊಂದು ನಾಣ್ಯಶ್ರೇಣಿ ಹುಟ್ಟಿತು: 2005ರಲ್ಲಿ ಆನರ್ ಪದ್ಧತಿ, 2007ರಲ್ಲಿ ನ್ಯಾಯದ ಬಿಲ್ಲೆ, 2008ರಲ್ಲಿ ಲಾಂಛನಗಳು, 2010ರಲ್ಲಿ ಜಸ್ಟಿಸ್ ಮತ್ತು ವ್ಯಾಲರ್ ಅಂಕಗಳು. ವ್ಯಾಲರ್ ಅಂಕಗಳ ಗಳಿಕೆಗೆ ವಾರದ ಮಿತಿಯೂ ಇದ್ದಿತು. ಹೊಸ ಘಟ್ಟ ಬಂದಾಗ ಹಳೆಯ ಬಿಲ್ಲೆ ಹಿಂದೆ ಸರಿದು ಹೊಸದು ಚಲಾವಣೆಗೆ ಬರುತ್ತಿತ್ತು. ಕೂಟದ ಪುಸ್ತಕದ ತತ್ತ್ವವನ್ನೇ ಯಂತ್ರವು ವಹಿಸಿಕೊಂಡಿತೆನ್ನಬಹುದು. ಇದರಿಂದ ಮುಖ್ಯಸ್ಥನ ಕೃಪೆಯನ್ನು ಬೇಡದೆ ಸಾಮಾನ್ಯನಿಗೂ ನ್ಯಾಯ ದೊರೆಯಿತು. ಆದರೆ ತಮ್ಮ ಶ್ರಮಕ್ಕೆ ಬೆಲೆಯೆಷ್ಟೆಂಬುದನ್ನು ನಲವತ್ತು ಮಂದಿ ಕೂಡಿ ಚರ್ಚಿಸಿ ನಿರ್ಣಯಿಸುತ್ತಿದ್ದ ಸಂಪ್ರದಾಯ ಕ್ಷೀಣಿಸಿತು.

ಎರಡು ನಾಣ್ಯಗಳ ನಡುವಣ ಗೋಡೆ ಬಿದ್ದರೆ ಏನಾಗುತ್ತದೆಂಬುದಕ್ಕೆ ಈಚಿನ ಎರಡು ನಿದರ್ಶನಗಳಿವೆ. 'ಡಯಾಬ್ಲೊ 3' ಆಟದ ನಿರ್ಮಾತೃಗಳು 2012ರ ಜೂನಿನಲ್ಲಿ ನಿಜವಾದ ಹಣಕ್ಕೆ ವಸ್ತುಗಳನ್ನು ಮಾರುವ ಹರಾಜುಕಟ್ಟೆಯನ್ನು ತಾವೇ ತೆರೆದರು. ಮೃಗಗಳೊಡನೆ ಹೋರಾಡಿ ವಸ್ತುವನ್ನು ಗಳಿಸುವ ಆಟದ ಮೂಲಸತ್ತ್ವಕ್ಕೇ ಇದರಿಂದ ಕುಂದಾಯಿತೆಂದು ಒಪ್ಪಿಕೊಂಡು, 2014ರ ಮಾರ್ಚ್ 18ರಂದು ಅದನ್ನು ಮುಚ್ಚಿದರು. ಎರಡನೆಯದು ಇನ್ನೂ ಬೋಧಪ್ರದವಾದುದು. 2019ರಲ್ಲಿ ವಾರ್‌ಕ್ರಾಫ್ಟ್‌ನ ಹಳೆಯ ರೂಪವನ್ನು ಮರಳಿ ತಂದಾಗ ಡಿ.ಕೆ.ಪಿ. ಪುಸ್ತಕಗಳೂ ಮರಳಿದುವು, ಜೊತೆಗೆ ಜಿ.ಡಿ.ಕೆ.ಪಿ. ಎಂಬ ರೂಪಾಂತರವೂ ಹಬ್ಬಿತು. ಇದರಲ್ಲಿ ಅಂಕಗಳಿಲ್ಲ, ವಸ್ತುಗಳನ್ನು ಚಿನ್ನಕ್ಕೆ ಹರಾಜುಹಾಕಿ, ಕೂಡಿದ ಚಿನ್ನವನ್ನು ಬಂದವರೆಲ್ಲ ಹಂಚಿಕೊಳ್ಳುತ್ತಾರೆ. ಹಂಚಿಕೆಯೇನೋ ಸಮನಾದುದೇ. ಆದರೆ ಆ ಚಿನ್ನವನ್ನು ಹೊರಗೆ ಹಣ ಕೊಟ್ಟು ಕೊಳ್ಳಬಹುದಾಗಿದ್ದುದರಿಂದ, ದುಡಿಮೆಯ ಪುಸ್ತಕವು ಹಣವಂತರ ಹರಾಜಾಗಿ ಪರಿಣಮಿಸಿತು. 2024ರಲ್ಲಿ ನಿರ್ಮಾತೃಗಳು 'ಸೀಸನ್ ಆಫ್ ಡಿಸ್ಕವರಿ' ಎಂಬ ಶಾಖೆಯಲ್ಲಿ ಇದನ್ನು ನಿಷೇಧಿಸಬೇಕಾಯಿತು.

ಈವರೆಗಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಕೊಳ್ಳಬಹುದಾದ ಪಾರಿತೋಷಕ ಪಾರಿತೋಷಕವಾಗಿ ಉಳಿಯಲಾರದು. ಆದುದರಿಂದ ಯೋಗ್ಯತೆಯ ನಾಣ್ಯವನ್ನು ಪೇಟೆಯ ನಾಣ್ಯದಿಂದ ಪ್ರತ್ಯೇಕಿಸಲೇಬೇಕಾಯಿತು. ಹಾಗೆ ಪ್ರತ್ಯೇಕಿಸಿದ ನಾಣ್ಯವನ್ನು ನಂಬಬೇಕಾದರೆ ಪುಸ್ತಕವನ್ನು ಬರೆಯುವವನನ್ನು ನಂಬಬೇಕು. ಈ ನಂಬಿಕೆ ಮೊದಲು ಸಹಚರರಲ್ಲಿತ್ತು. ಇಂದು ಬಹುಮಟ್ಟಿಗೆ ಸಂಸ್ಥೆಗಳಲ್ಲಿದೆ.

ಕೊನೆಯದಾಗಿ, ಚರಿತ್ರಕಾರರ ಕರ್ತವ್ಯದ ಬಗೆಗೆ ಒಂದು ಮಾತು. ಹ್ಯಾಬಿಟಾಟ್ ಆಟದ ಮೂಲಲಿಪಿಯನ್ನು ಓಕ್‌ಲೆಂಡಿನ ಒಂದು ವಸ್ತುಸಂಗ್ರಹಾಲಯದವರು 2016ರಲ್ಲಿ ಸಾರ್ವಜನಿಕರಿಗೆ ಒದಗಿಸಿದರು. ಇದು ಸ್ತುತ್ಯ ಕಾರ್ಯ. ಆದರೆ ಆಟದ ಲಿಪಿಯಲ್ಲಿ ದೊರೆಯುವುದು ನಿರ್ಮಾತೃಗಳ ಶಾಸನ ಮಾತ್ರ. ಪ್ರಜೆಗಳ ಲೆಕ್ಕ ಇದ್ದುದು ಕೂಟಗಳ ಪುಸ್ತಕಗಳಲ್ಲಿ. ಅವು ಸದಸ್ಯರು ಸ್ವಂತ ಖರ್ಚಿನಿಂದ ನಡೆಸುತ್ತಿದ್ದ ಜಾಲತಾಣಗಳಲ್ಲಿದ್ದು, ತಾಣ ನಿಂತೊಡನೆ ತಾವೂ ಅಳಿಯತಕ್ಕವು. ಅಪರಿಚಿತರು ಕೂಡಿ, ಯಾವ ಪ್ರಭುವಿನ ಆಜ್ಞೆಯೂ ಇಲ್ಲದೆ, ನ್ಯಾಯವಾದ ಹಂಚಿಕೆ ಯಾವುದೆಂದು ಬರೆದಿಟ್ಟ ದಾಖಲೆಗಳು ಚರಿತ್ರೆಯಲ್ಲಿ ವಿರಳ. ಉಳಿದಿರುವಷ್ಟನ್ನಾದರೂ ಸಂಗ್ರಹಿಸುವುದು ಶಾಸನಗಳನ್ನು ಸಂಗ್ರಹಿಸುವಷ್ಟೇ ಅವಶ್ಯವೆಂದು ನಾವು ಭಾವಿಸುತ್ತೇವೆ.